ತಂತ್ರಾಂಶಕಾರರ ಪರಿಭಾಷೆ: ಒಂದು ಔಚಿತ್ಯ ವಿಚಾರ

ಪ್ರತಿಯೊಂದು ಕಸುಬಿಗೂ ತನ್ನದೇ ಆದ ಪರಿಭಾಷೆಯುಂಟು. ನೇಕಾರನಿಗೆ ಹಾಸು ಹೊಕ್ಕು, ಅಕ್ಕಸಾಲಿಗನಿಗೆ ಒರೆ ಪುಟ, ಒಕ್ಕಲಿಗನಿಗೆ ಹದ ಬೆದೆ. ಇಂಥ ಶಬ್ದಗಳು ಮಗ್ಗದ ಬಳಿಯಲ್ಲಿಯೂ ಕುಲುಮೆಯ ಬಳಿಯಲ್ಲಿಯೂ ಹುಟ್ಟಿ, ಬರಬರುತ್ತ ಮನೆಮಾತಿಗೆ ಇಳಿದು, ಕಡೆಗೆ ಅಲಂಕಾರಗಳಾಗಿ ಭಾಷೆಯಲ್ಲಿ ನಿಂತುವು. ಭಕ್ತಿಯು ಬಾಳಿನಲ್ಲಿ ಹಾಸುಹೊಕ್ಕಾಗಿದೆಯೆಂದು ಹೇಳುವವನು ಮಗ್ಗವನ್ನು ನೋಡಿರಬೇಕಾದುದಿಲ್ಲ. ಸ್ನೇಹವನ್ನು ಒರೆಗೆ ಹಚ್ಚುವವನ ಕೈಯಲ್ಲಿ ಚಿನ್ನವಿರಬೇಕಾದುದಿಲ್ಲ. ಕಸುಬು ಕೊಟ್ಟಿತು, ಭಾಷೆ ತೆಗೆದುಕೊಂಡಿತು.

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಡುವ ಕಸುಬಿನಲ್ಲಿ, ಎಂದರೆ ತಂತ್ರಾಂಶರಚನೆಯಲ್ಲಿ, ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿ ಕಣ್ಣಿಗೆ ಕಾಣುವ ಮಗ್ಗವಿಲ್ಲ, ಕೈಗೆ ಸಿಕ್ಕುವ ನೂಲಿಲ್ಲ. ಮಾಡಿದ ಕೆಲಸವನ್ನು ತೂಗಲಾಗದು, ಅಳೆಯಲಾಗದು. ಅರ್ಧ ಮುಗಿದಿದೆಯೋ ಮುಕ್ಕಾಲು ಮುಗಿದಿದೆಯೋ ಎಂಬುದನ್ನು ಮಾಡಿದವನೇ ಖಂಡಿತವಾಗಿ ಹೇಳಲಾರನು. ತನ್ನದೆಂಬ ರೂಪವಿಲ್ಲದ ಕಸುಬು ಮಾತನಾಡಬೇಕಾದರೆ ಮಾತನ್ನು ಕಡ ತರಬೇಕಷ್ಟೆ. ಹೊಳೆಯಿಂದ ಜಲಪಾತವನ್ನೂ, ಆಟದ ಬಯಲಿನಿಂದ ಓಟವನ್ನೂ, ಸಾಹುಕಾರನ ಅಂಗಡಿಯಿಂದ ಸಾಲವನ್ನೂ, ಒಲೆಯಿಂದ ಕೊರಡನ್ನೂ, ಸೆರೆಮನೆಯಿಂದ ಗೆರೆಯನ್ನೂ ಅದು ತಂದುಕೊಂಡಿತು. ಆದಕಾರಣ ಈ ಪರಿಭಾಷೆಯು ಬಹುಮಟ್ಟಿಗೆ ಅಲಂಕಾರಗಳ ಕೋಶವೇ ಆಗಿದೆ. ಅದರ ಗುಣದೋಷಗಳ ವಿಚಾರವು ಯಂತ್ರಶಾಸ್ತ್ರಜ್ಞರಿಗೆ ಸೇರಿದಷ್ಟೇ ಸಾಹಿತ್ಯವಿಮರ್ಶೆಗೂ ಸೇರಿದುದು.

ಕನ್ನಡ ನಾಡಿಗಂತೂ ಈ ವಿಚಾರವು ದೂರದ್ದಲ್ಲ. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕಾದ ಸಂಸ್ಥೆಯು ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆಯಿತು. ಅಲ್ಲಿಂದೀಚೆಗೆ ಈ ಕಸುಬು ಆ ನಗರದ ಮುಖ್ಯ ಜೀವನೋಪಾಯಗಳಲ್ಲಿ ಒಂದಾಗಿ ಬೆಳೆದಿದೆ. ಶಿವಮೊಗ್ಗದಲ್ಲಿಯೋ ವಿಜಯಪುರದಲ್ಲಿಯೋ ಇರುವ ತಾಯಿಯು ಮಗಳನ್ನು ದೂರವಾಣಿಯಲ್ಲಿ ವಿಚಾರಿಸಿದರೆ, "ಈ ಸ್ಪ್ರಿಂಟ್ ಮುಗಿಯಲಿ ಅಮ್ಮ, ಡೆಡ್‌ಲೈನ್ ಇದೆ, ಹಬ್ಬಕ್ಕೆ ಬರುವುದು ಆಗುವುದಿಲ್ಲ" ಎಂಬ ಉತ್ತರವು ಬರುತ್ತದೆ. ತಾಯಿಗೆ ಆ ಎರಡು ಶಬ್ದಗಳ ಅರ್ಥವು ತಿಳಿಯದು. ಮಗಳು ಬರುವುದಿಲ್ಲವೆಂಬುದು ಮಾತ್ರ ತಿಳಿಯುತ್ತದೆ. ಹಬ್ಬದ ಊಟವನ್ನು ತಪ್ಪಿಸುವಷ್ಟು ಶಕ್ತಿಯುಳ್ಳ ಶಬ್ದಗಳು ಯಾವುವು, ಆ ಶಕ್ತಿಯು ಅವಕ್ಕೆ ಎಲ್ಲಿಂದ ಬಂದಿತು ಎಂದು ಕೇಳುವುದು ಅನುಚಿತವಾಗಲಾರದು.

೧

ಶಬ್ದವು ತನ್ನ ನೇರಾದ ಅರ್ಥವನ್ನು ಬಿಟ್ಟು ಬೇರೊಂದನ್ನು ಹೇಳುವುದಕ್ಕೆ ಆಲಂಕಾರಿಕರು ಲಕ್ಷಣೆಯೆಂದು ಹೆಸರಿಟ್ಟರು. ಅದಕ್ಕೆ ಕಾರಣಗಳೂ ಎರಡೆಂದು ಎಣಿಸಿದರು: ಒಂದು ರೂಢಿ, ಇನ್ನೊಂದು ಪ್ರಯೋಜನ. ಮಮ್ಮಟನು ರೂಢಿಗೆ ಕೊಟ್ಟ ಉದಾಹರಣೆಯು "ಕುಶಲ" ಎಂಬ ಶಬ್ದ. ದರ್ಭೆಯನ್ನು ಕೈ ಕೊಯ್ದುಕೊಳ್ಳದೆ ತರಬಲ್ಲವನೆಂಬುದು ಅದರ ಮೂಲಾರ್ಥ. ಜಾಣನೆಂಬುದು ಈಗಿನ ಅರ್ಥ. ಕುಶಲಪ್ರಶ್ನೆಯನ್ನು ಮಾಡುವ ಯಾರಿಗೂ ದರ್ಭೆಯ ನೆನಪಾಗುವುದಿಲ್ಲ. ಗಂಗೆಯಲ್ಲಿ ಹಳ್ಳಿಯಿದೆಯೆಂದಾಗಲಾದರೋ ದಡವೆಂಬ ಅರ್ಥದೊಡನೆ ತಂಪು ಪಾವಿತ್ರ್ಯಗಳೂ ತೋರುತ್ತವೆ. ಅದು ಪ್ರಯೋಜನಕ್ಕಾಗಿ ಮಾಡಿದ ಲಕ್ಷಣೆ.

ತಂತ್ರಾಂಶಕಾರರ ಶಬ್ದಗಳು ಈ ಎರಡರಲ್ಲಿ ಯಾವ ಪಂಗಡಕ್ಕೆ ಸೇರಿದುವು? ಆ ಕಸುಬಿನವರನ್ನು ಕೇಳಿದರೆ, ಇವೆಲ್ಲವೂ ರೂಢಿಯ ಮಾತುಗಳು, ಮೂಲವನ್ನು ಯಾರು ನೆನೆಯುವರು ಎಂದು ಬಿಡುವರು. ಪರೀಕ್ಷಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಮೂಲದ ಚಿತ್ರವು ಮರೆತಂತೆ ತೋರಿದರೂ ಅದರ ವ್ಯಂಗ್ಯಾರ್ಥವು ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಆ ಕೆಲಸವು ಬಹುತೇಕ ಒಂದೇ ಬಗೆಯದು: ವಾಕ್ಯದೊಳಗಿನ ಕರ್ತೃವನ್ನು ಅದು ಮರೆಮಾಡುತ್ತದೆ. ಮನುಷ್ಯನು ತೀರ್ಮಾನಿಸಿದುದು, ಮನುಷ್ಯನು ತಪ್ಪಿದುದು, ಮನುಷ್ಯನು ಹೊರಿಸಿದುದು ಎಲ್ಲವೂ ನೀರಿನ, ಹುಳುವಿನ, ಗೆರೆಯ ಕೆಲಸವಾಗಿ ತೋರತೊಡಗುತ್ತದೆ.

೨

ಎಲ್ಲಕ್ಕಿಂತ ಹೆಸರಾದ ಉದಾಹರಣೆಯಿಂದ ಮೊದಲುಮಾಡಬಹುದು. ಆಜ್ಞಾವಳಿಯಲ್ಲಿ ದೋಷವಿದ್ದರೆ ಅದಕ್ಕೆ "ಬಗ್", ಎಂದರೆ ಹುಳು, ಎನ್ನುತ್ತಾರೆ. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡಿನ ಮಾರ್ಕ್ ೨ ಎಂಬ ಗಣಕವು ಕೆಟ್ಟು ನಿಂತಾಗ, ಅದರ ಒಂದು ರಿಲೇಯಲ್ಲಿ ಪತಂಗವು ಸಿಕ್ಕಿಕೊಂಡಿದ್ದುದು ಕಂಡಿತು. ಕೆಲಸಗಾರರು ಅದನ್ನು ದಿನಚರಿ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳುವು ಸಿಕ್ಕಿದುದು ಇದೇ ಮೊದಲೆಂದು ಬರೆದಿಟ್ಟರು. ಆ ಹಾಳೆಯು ಈಗಲೂ ಅಮೆರಿಕಾದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಶಬ್ದವು ಹುಟ್ಟಿದುದೇ ಆ ದಿನವೆಂದು ಹಲವರು ನಂಬಿದ್ದಾರೆ, ಅದು ಸರಿಯಲ್ಲ. ಯಂತ್ರಗಳ ಸಣ್ಣಪುಟ್ಟ ತೊಡಕುಗಳಿಗೆ ಈ ಹೆಸರು ಇದ್ದುದನ್ನು ಎಡಿಸನ್ನನು ೧೮೭೮ರಷ್ಟು ಹಿಂದೆಯೇ ಒಂದು ಕಾಗದದಲ್ಲಿ ಬರೆದಿದ್ದನು. ಹೆಸರು ಮೊದಲೇ ಬಳಕೆಯಲ್ಲಿದ್ದುದರಿಂದಲೇ ಪತಂಗದ ವಿನೋದವು ರುಚಿಸಿತು.

ವಿನೋದವೇನೋ ನಿರ್ದೋಷವಾದುದು. ಆದರೆ ೧೯೮೮ರಲ್ಲಿ ಡೈಕ್‌ಸ್ಟ್ರ ಎಂಬ ಡಚ್ ವಿದ್ವಾಂಸನು ಈ ಶಬ್ದವನ್ನು ಕೈಬಿಟ್ಟು ನೇರವಾಗಿ ತಪ್ಪು ಎನ್ನಬೇಕೆಂದು ವಾದಿಸಿದನು. ಬರೆದವನು ಆಚೆ ನೋಡುತ್ತಿದ್ದಾಗ ಹುಳುವು ತಾನಾಗಿ ಒಳಗೆ ನುಸುಳಿತೆಂಬ ಭಾವವು ಈ ಹೆಸರಿನಲ್ಲಿದೆ. ತಪ್ಪೆಂದೊಡನೆ ಅದು ಬರೆದವನದೇ ಆಗುತ್ತದೆಯೆಂಬುದು ಅವನ ತರ್ಕ. ಈ ತರ್ಕವು ಕನ್ನಡಿಗರಿಗೆ ಸುಲಭವಾಗಿ ಒಪ್ಪಿಗೆಯಾಗತಕ್ಕದ್ದು. ಏಕೆಂದರೆ ಅದೇ ಹುಳುವಿನಿಂದ ಕನ್ನಡವು "ಹುಳುಕು" ಎಂಬ ಶಬ್ದವನ್ನು ಮಾಡಿಕೊಂಡಿದೆ. ಹುಳುಕು ಹಲ್ಲು, ಹುಳುಕು ಮರ ಎನ್ನುವಾಗ ಕೇಡು ಹೊರಗಿನಿಂದ ಬಂದ ಅತಿಥಿಯಲ್ಲ. ವಸ್ತುವಿನ ಒಡಲಿನಲ್ಲಿಯೇ ಮನೆಮಾಡಿದುದು. ಒಬ್ಬನ ಹುಳುಕು ಹೊರಬಿದ್ದಿತೆಂದರೆ ಹುಳುವನ್ನು ಯಾರೂ ದೂರುವುದಿಲ್ಲ. ಇಂಗ್ಲಿಷಿನ ಶಬ್ದವು ಹಗುರಮಾಡಿದುದನ್ನು ಕನ್ನಡದ ಶಬ್ದವು ಹೊಣೆಯೊಡನೆ ಹೇಳುತ್ತದೆ.

೩

ಎರಡನೆಯ ಉದಾಹರಣೆಯು ಇಷ್ಟು ಹಗುರವಾದುದಲ್ಲ. ೧೯೬೮ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಷ್ ಎಂಬ ಊರಿನಲ್ಲಿ ನೇಟೋ ಒಕ್ಕೂಟದ ಆಶ್ರಯದಲ್ಲಿ ವಿದ್ವಾಂಸರ ಒಂದು ಸಮ್ಮೇಳನವು ಸೇರಿತು. ಅದಕ್ಕೆ "ಸಾಫ್ಟ್‌ವೇರ್ ಎಂಜಿನಿಯರಿಂಗ್" ಎಂದು ಹೆಸರಿಟ್ಟರು. ಸೇತುವೆ ಕಟ್ಟುವವನಿಗೆ ಇರುವಂಥ ದೃಢವಾದ ಶಾಸ್ತ್ರವು ಈ ಕಸುಬಿಗೆ ಇಲ್ಲವಲ್ಲ, ಇರಬೇಕಲ್ಲವೆ ಎಂದು ಕೆಣಕುವುದಕ್ಕಾಗಿಯೇ ಆ ಹೆಸರನ್ನು ಆರಿಸಿದರೆಂಬುದು ಸಮ್ಮೇಳನದ ವರದಿಯಿಂದಲೇ ತಿಳಿಯುತ್ತದೆ. ಹೆಸರು ಉಳಿಯಿತು, ಕೆಣಕು ಮರೆಯಾಯಿತು. ಆಸೆಯಾಗಿ ಹುಟ್ಟಿದ ಮಾತು ಬಿರುದಾಗಿ ನಿಂತಿತು.

ಇದೇ ಗತಿಯು "ಜಲಪಾತ"ಕ್ಕೂ ಆಯಿತು. ಕೆಲಸವನ್ನು ಹಂತಹಂತವಾಗಿ, ಅಗತ್ಯಗಳ ನಿರ್ಣಯ, ವಿಶ್ಲೇಷಣೆ, ವಿನ್ಯಾಸ, ಬರವಣಿಗೆ, ಪರೀಕ್ಷೆ, ಬಳಕೆ ಎಂಬ ಕ್ರಮದಲ್ಲಿ, ಒಂದು ಮುಗಿದ ಮೇಲೆ ಇನ್ನೊಂದರಂತೆ ಮಾಡುವ ಪದ್ಧತಿಗೆ ವಾಟರ್‌ಫಾಲ್ ಎಂದು ಹೆಸರು. ಅದರ ಚಿತ್ರವು ಪ್ರಸಿದ್ಧವಾದುದು ೧೯೭೦ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬುವನು ಬರೆದ ಲೇಖನದಿಂದ. ಮೆಟ್ಟಿಲುಗಳಂತೆ ಇಳಿಯುವ ಚೌಕಗಳನ್ನು ಅವನು ಬರೆದು ತೋರಿಸಿದುದು ದಿಟ. ಆದರೆ ಅದರ ಬೆನ್ನಿಗೇ, ಹೀಗೆ ಇದ್ದಕ್ಕಿದ್ದಂತೆ ಮಾಡಿದರೆ ಅಪಾಯವು ಖಂಡಿತ, ಪರೀಕ್ಷೆಯ ಹೊತ್ತಿಗೆ ದೋಷಗಳು ಕಂಡು ಮತ್ತೆ ಮೊದಲಿಗೆ ಹೋಗಬೇಕಾದೀತೆಂದು ಎಚ್ಚರಿಸಿದನು. ಸಾಧ್ಯವಾದರೆ ಕೆಲಸವನ್ನು ಎರಡು ಸಲ ಮಾಡಿ ಎರಡನೆಯದನ್ನು ಒಪ್ಪಿಸಬೇಕೆಂದೂ ಹೇಳಿದನು. ಜಲಪಾತವೆಂಬ ಶಬ್ದವು ಆ ಲೇಖನದಲ್ಲಿ ಎಲ್ಲಿಯೂ ಇಲ್ಲ. ಅದು ಅಚ್ಚಿನಲ್ಲಿ ಕಾಣಿಸಿಕೊಂಡುದು ೧೯೭೬ರಲ್ಲಿ, ಬೇರೆಯವರ ಬರಹದಲ್ಲಿ. ೧೯೮೫ರಲ್ಲಿ ಅಮೆರಿಕಾದ ರಕ್ಷಣಾ ಇಲಾಖೆಯು ತನ್ನ ತಂತ್ರಾಂಶಗಳಿಗೆ ಒಂದು ನಿಯಮಾವಳಿಯನ್ನು ಹೊರಡಿಸಿದಾಗ, ಜನರು ಅದನ್ನು ಓದಿಕೊಂಡುದು ಈ ಒಮ್ಮುಖ ಕ್ರಮದ ವಿಧಿಯೆಂದೇ.

ಎಚ್ಚರಿಕೆಯಾಗಿ ಬರೆದ ಚಿತ್ರವು ವಿಧಿಯಾಗಲು ಶಬ್ದದ ಸಹಾಯವು ಎಷ್ಟೆಂಬುದನ್ನು ಇಲ್ಲಿ ಗಮನಿಸಬೇಕು. ಬಾಣಗಳನ್ನು ಮೇಲಕ್ಕೂ ಕೆಳಕ್ಕೂ ಎಳೆಯಬಹುದು. ಜಲಪಾತವು ಮಾತ್ರ ಕೆಳಕ್ಕೇ ಬೀಳುತ್ತದೆ. ಜೋಗದ ನೀರು ಮತ್ತೆ ಬಂಡೆಯನ್ನೇರಿ ತಪ್ಪನ್ನು ತಿದ್ದಿಕೊಂಡು ಬರುವುದನ್ನು ಯಾರೂ ಕಂಡಿಲ್ಲ. ಉಪಮಾನವನ್ನು ಒಪ್ಪಿಕೊಂಡೊಡನೆ, ಹಿಂದಿರುಗಿ ನೋಡುವುದೆಂಬ ಸಾಮಾನ್ಯ ವಿವೇಕವೇ ಪ್ರಕೃತಿವಿರುದ್ಧವಾಗಿ ಕಂಡಿತು. ಹಿಂದಿರುಗಬೇಡವೆಂದವನು ಅಧಿಕಾರಿ; ಹಾಗೆಂದು ತೋರಿಸಿಕೊಂಡುದು ನೀರು.

೪

ಅಳತೆಯ ಶಬ್ದಗಳಲ್ಲಿ "ಮ್ಯಾನ್-ಮಂತ್" ಎಂಬುದು ಮುಖ್ಯವಾದುದು. ಒಬ್ಬನು ಒಂದು ತಿಂಗಳು ಮಾಡುವ ಕೆಲಸವೆಂಬುದು ಅದರ ಅರ್ಥ. ಕನ್ನಡದ ಒಕ್ಕಲುತನಕ್ಕೆ ಇದು ಹೊಸದಲ್ಲ. ಈ ಗದ್ದೆಯ ನಾಟಿಯು ಹತ್ತಾಳಿನ ಕೆಲಸ, ಆ ತೋಟದ ಅಗತೆಯು ಇಪ್ಪತ್ತಾಳಿನದು ಎಂದು ಲೆಕ್ಕ ಹೇಳುವುದು ಎಲ್ಲೆಡೆಯಲ್ಲಿಯೂ ಉಂಟು. ಹತ್ತಾಳಿನ ನಾಟಿಗೆ ಇಪ್ಪತ್ತು ಜನರು ಬಂದರೆ ಮಧ್ಯಾಹ್ನಕ್ಕೇ ಕೆಲಸವು ಮುಗಿಯುವುದು. ಪಕ್ಕದವಳನ್ನು ಕೇಳದೆ ಪ್ರತಿಯೊಬ್ಬಳೂ ತನ್ನ ಸಾಲನ್ನು ನೆಡಬಹುದಾದುದರಿಂದ ಆ ಲೆಕ್ಕವು ಅಲ್ಲಿ ಸರಿಯಾಗುತ್ತದೆ.

ಐ.ಬಿ.ಎಂ. ಸಂಸ್ಥೆಯಲ್ಲಿ ಓಎಸ್/೩೬೦ ಎಂಬ ಬೃಹತ್ ತಂತ್ರಾಂಶದ ಕೆಲಸವನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ಎಂಬುವನು, ಈ ಲೆಕ್ಕವು ತನ್ನ ಕಸುಬಿಗೆ ಒಪ್ಪದೆಂದು ೧೯೭೫ರಲ್ಲಿ ಒಂದು ಗ್ರಂಥವನ್ನೇ ಬರೆದನು. ಅಲ್ಲಿ ಪ್ರತಿಯೊಬ್ಬನೂ ಉಳಿದವರೊಡನೆ ಮಾತನಾಡಿಕೊಂಡೇ ಕೆಲಸ ಮಾಡಬೇಕು. ೩ ಜನರಿದ್ದರೆ ಇಂಥ ಜೋಡಿಗಳು ೩. ೧೦ ಜನರಿದ್ದರೆ ೪೫. ೨೦ ಜನರಿದ್ದರೆ ೧೯೦. ಆಳುಗಳು ಇಮ್ಮಡಿಯಾದರೆ ಮಾತುಕತೆಯ ಹೊರೆಯು ನಾಲ್ಮಡಿಗೂ ಮೀರುತ್ತದೆ; ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದು. ಬಸುರಿಯ ಒಂಬತ್ತು ತಿಂಗಳನ್ನು ಒಂಬತ್ತು ಹೆಂಗಸರಿಗೆ ಹಂಚಿ ತಿಂಗಳೊಂದರಲ್ಲಿ ಮಗುವನ್ನು ಪಡೆಯಲಾಗದೆಂಬ ಅವನ ದೃಷ್ಟಾಂತವನ್ನು ಆ ಕಸುಬಿನವರೆಲ್ಲರೂ ಬಲ್ಲರು. ಅಷ್ಟಾದರೂ ಅಂದಾಜುಪಟ್ಟಿಗಳಲ್ಲಿ ಆ ಅಳತೆಯು ಇಂದಿಗೂ ನಡೆಯುತ್ತಿದೆ. ಬ್ರೂಕ್ಸನು ಸುಳ್ಳೆಂದು ತೋರಿಸಿದ ಶಬ್ದವೇ ಅವನ ಗ್ರಂಥದ ಹೆಸರಿನ ಮೂಲಕ ಮತ್ತಷ್ಟು ಪ್ರಸಿದ್ಧವಾಯಿತು. ಖಂಡನೆಯಿಂದಲೂ ಕೀರ್ತಿಯನ್ನು ಪಡೆಯುವ ಭಾಗ್ಯವು ಕೆಲವು ಶಬ್ದಗಳಿಗುಂಟು.

೫

ಈಚಿನ ಶಬ್ದಗಳಲ್ಲಿ "ಸ್ಕ್ರಮ್" ಮತ್ತು "ಸ್ಪ್ರಿಂಟ್" ಎಂಬ ಜೋಡಿಯು ಉಪಮಾದೋಷಕ್ಕೆ ಒಳ್ಳೆಯ ಉದಾಹರಣೆಯಾಗಿದೆ. ೧೯೮೬ರಲ್ಲಿ ತಾಕೇಉಚಿ ಮತ್ತು ನೊನಾಕಾ ಎಂಬ ಜಪಾನೀ ವಿದ್ವಾಂಸರಿಬ್ಬರು, ಹೊಸ ವಸ್ತುಗಳನ್ನು ನಿರ್ಮಿಸುವ ಕೆಲಸವು ಕೋಲನ್ನು ಕೈಯಿಂದ ಕೈಗೆ ದಾಟಿಸುವ ರಿಲೇ ಓಟದಂತಿರಬಾರದು. ರಗ್ಬಿ ಆಟದವರಂತೆ ಇಡೀ ತಂಡವು ಚೆಂಡನ್ನು ಪರಸ್ಪರ ಕೊಟ್ಟುಕೊಳ್ಳುತ್ತ ಒಟ್ಟಾಗಿ ಮುಂದುವರಿಯಬೇಕೆಂದು ಬರೆದರು. ಆ ಆಟದಲ್ಲಿ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ನೂಕುವ ವ್ಯೂಹಕ್ಕೆ ಸ್ಕ್ರಮ್ ಎಂದು ಹೆಸರು. ೧೯೯೫ರಲ್ಲಿ ಸದರ್‌ಲೆಂಡ್ ಮತ್ತು ಶ್ವಾಬರ್ ಎಂಬ ಇಬ್ಬರು ಈ ಹೆಸರಿನಲ್ಲಿಯೇ ತಂತ್ರಾಂಶರಚನೆಯ ಒಂದು ಪದ್ಧತಿಯನ್ನು ವಿದ್ವತ್ಸಭೆಯ ಮುಂದಿಟ್ಟರು. ಒಂದು ತಿಂಗಳೋ ಅದಕ್ಕೆ ಕಡಿಮೆಯೋ ಆದ ಕೆಲಸದ ಕಂತುಗಳಿಗೆ ಆ ಪದ್ಧತಿಯಲ್ಲಿ ಸ್ಪ್ರಿಂಟ್ ಎಂದು ಹೆಸರು.

ಹೆಗಲು ಕೊಡುವ ವ್ಯೂಹದ ಚಿತ್ರವು ಉಚಿತವಾದುದೆಂಬುದರಲ್ಲಿ ಸಂದೇಹವಿಲ್ಲ. ಅದರಲ್ಲಿ ಸಹಕಾರವುಂಟು, ಸಮಾನತೆಯುಂಟು. ಆದರೆ ಸ್ಪ್ರಿಂಟ್ ಎಂದರೆ ಅಲ್ಪದೂರವನ್ನು ಉಸಿರುಕಟ್ಟಿ ಓಡುವ ಒಂಟಿ ಓಟ. ವಿದ್ವಾಂಸರಿಬ್ಬರು ಹಿಂಬಾಗಿಲಿನಿಂದ ಹೊರದೂಡಿದ ಓಟವೇ ಮುಂಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು. ಮೇಲಾಗಿ, ನೂರು ಗಜ ಓಡಿದವನು ಕೊನೆಯಲ್ಲಿ ಬಾಗಿ ಮೊಣಕಾಲನ್ನು ಹಿಡಿದು ಸುಧಾರಿಸಿಕೊಳ್ಳುತ್ತಾನೆ. ಈ ಕಸುಬಿನಲ್ಲಿಯಾದರೋ ಒಂದು ಸ್ಪ್ರಿಂಟ್ ಮುಗಿದ ಮರುದಿನವೇ ಇನ್ನೊಂದು ಮೊದಲಾಗುತ್ತದೆ, ವರ್ಷವಿಡೀ ಹೀಗೆಯೇ. ೨೦೦೧ರ ಫೆಬ್ರವರಿಯಲ್ಲಿ ಅಮೆರಿಕಾದ ಯೂಟಾ ಪ್ರಾಂತದ ಸ್ನೋಬರ್ಡಿನಲ್ಲಿ ೧೭ ಮಂದಿ ಸೇರಿ "ಅಜೈಲ್" ಎಂಬ ಪಂಥದ ಘೋಷಣಾಪತ್ರವನ್ನು ಹೊರಡಿಸಿದರು. ಶ್ವಾಬರ್ ಸದರ್‌ಲೆಂಡರೂ ಅವರಲ್ಲಿದ್ದರು. ಎಷ್ಟು ಕಾಲವಾದರೂ ಒಂದೇ ಹದದಲ್ಲಿ ಸಾಗಬಲ್ಲ ನಡಿಗೆಯು ಇರಬೇಕೆಂಬುದು ಆ ಪಂಥದ ತತ್ತ್ವಗಳಲ್ಲಿ ಒಂದು. ತತ್ತ್ವವು ನಡಿಗೆಯನ್ನು ಹೇಳುತ್ತದೆ, ಶಬ್ದವು ಓಟವನ್ನು ಹೇಳುತ್ತದೆ. ಕೆಲಸ ಮಾಡುವವನ ಕಿವಿಗೆ ದಿನವೂ ಬೀಳುವುದು ಶಬ್ದ, ತತ್ತ್ವವು ಪುಸ್ತಕದಲ್ಲಿರುತ್ತದೆ.

ಶಬ್ದವನ್ನು ಬದಲಿಸಿದರೆ ವ್ಯವಹಾರವೂ ಬದಲಾದೀತೆಂಬುದನ್ನು ಆ ಪದ್ಧತಿಯವರೇ ಒಮ್ಮೆ ಕಂಡುಕೊಂಡರು. ಕಂತಿನಲ್ಲಿ ಇಷ್ಟು ಕೆಲಸವನ್ನು ಮುಗಿಸುವೆವೆಂದು ತಂಡದವರು ಹೇಳುವುದಕ್ಕೆ ಮೊದಲು ಪ್ರತಿಜ್ಞೆಯೆಂಬ ಅರ್ಥದ ಶಬ್ದವಿತ್ತು. ಅದರಿಂದ ಅಂದಾಜು ತಪ್ಪಿದವನು ಮಾತಿಗೆ ತಪ್ಪಿದವನಾಗುತ್ತಿದ್ದನು. ೨೦೧೧ರಲ್ಲಿ ತಮ್ಮ ಕೈಪಿಡಿಯನ್ನು ತಿದ್ದುವಾಗ ಅವರು ಅದರ ಬದಲು ಮುನ್ನಂದಾಜೆಂಬ ಅರ್ಥದ ಶಬ್ದವನ್ನು ಹಾಕಿದರು. ಮಳೆಯ ಮುನ್ಸೂಚನೆಯನ್ನು ಕೊಟ್ಟವನನ್ನು ಮಳೆ ಬಾರದಿದ್ದರೆ ಯಾರೂ ದಂಡಿಸುವುದಿಲ್ಲವಷ್ಟೆ. ಇದು ಸಣ್ಣ ತಿದ್ದುಪಡಿಯಾದರೂ ನಿಜವಾದ ಔಚಿತ್ಯಪ್ರಜ್ಞೆಯಿಂದ ಮಾಡಿದುದು.

೬

ಈ ಕೋಶದಲ್ಲಿ ಅತ್ಯಂತ ಕಾವ್ಯಮಯವಾದ ಶಬ್ದವನ್ನು ಆರಿಸಬೇಕಾದರೆ "ಟೆಕ್ನಿಕಲ್ ಡೆಟ್", ಎಂದರೆ ತಾಂತ್ರಿಕ ಸಾಲ, ಎಂಬುದನ್ನು ಆರಿಸಬೇಕು. ೧೯೯೨ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬುವನು ಇದನ್ನು ಮೊದಲು ಹೇಳಿದನು. ಅವನ ತಂಡವು ಆಗ ಹಣಹೂಡಿಕೆಯ ಲೆಕ್ಕಗಳಿಗೆ ಬೇಕಾದ ತಂತ್ರಾಂಶವನ್ನು ರಚಿಸುತ್ತಿದ್ದಿತು. ಮೊದಲ ತಿಳಿವಳಿಕೆಯಲ್ಲಿ ಬರೆದುದನ್ನು ಕೊಂಡವರ ಕೈಗೆ ಕೊಡುವುದು ಸಾಲ ಮಾಡಿದಂತೆ. ಅದರಿಂದ ಕೆಲಸವು ಬೇಗ ಸಾಗುತ್ತದೆ. ಆದರೆ ತಿಳಿವಳಿಕೆ ಬೆಳೆದಂತೆಲ್ಲ ಬರೆದುದನ್ನು ತಿದ್ದಿ ಸಾಲವನ್ನು ತೀರಿಸುತ್ತಿರಬೇಕು, ಇಲ್ಲದಿದ್ದರೆ ಬಡ್ಡಿಯೇ ಕೆಲಸವನ್ನೆಲ್ಲ ನುಂಗುವುದು: ಇದು ಅವನ ಉಪಮೆಯ ತಾತ್ಪರ್ಯ. ಕೇಳುವವರು ಹಣದ ವ್ಯವಹಾರದವರು. ಅವರಿಗೆ ಅರ್ಥವಾಗುವಂತೆ ಅವರದೇ ಅಂಗಡಿಯಿಂದ ಉಪಮಾನವನ್ನು ತಂದನು. ಪ್ರಸ್ತಾವವನ್ನೂ ಶ್ರೋತೃವನ್ನೂ ಅರಿತು ಆಡಿದ ಮಾತೇ ಉಚಿತವೆಂದರೆ ಕಾಶ್ಮೀರದ ಕ್ಷೇಮೇಂದ್ರನೂ ತಲೆದೂಗುತ್ತಿದ್ದನು.

ಆದರೆ ಈ ಶಬ್ದವೂ ಹುಟ್ಟಿದ ಮನೆಯನ್ನು ಬಿಟ್ಟಿತು. ಅವಸರದಲ್ಲಿ ಕೆಟ್ಟದಾಗಿ ಮಾಡಿದ ಕೆಲಸಕ್ಕೆಲ್ಲ ಅದು ಗೌರವದ ಮುಸುಕಾಯಿತು. ೨೦೦೯ರಲ್ಲಿ ಕನಿಂಗ್‌ಹ್ಯಾಮನೇ ಮುಂದೆ ಬಂದು, ಕೆಟ್ಟ ಬರವಣಿಗೆಯನ್ನು ತಾನೆಂದೂ ಸಮರ್ಥಿಸಿರಲಿಲ್ಲ, ತಿಳಿವಳಿಕೆಯು ಅಪೂರ್ಣವಾಗಿದ್ದರೂ ತಿಳಿದಷ್ಟನ್ನು ಚೆನ್ನಾಗಿಯೇ ಬರೆಯಬೇಕೆಂಬುದು ತನ್ನ ಅಭಿಪ್ರಾಯವೆಂದು ಸ್ಪಷ್ಟಪಡಿಸಬೇಕಾಯಿತು. ಕವಿಯೇ ಬಂದು ಅರ್ಥವನ್ನು ಹೇಳಿದರೂ ಲೋಕವು ತನಗೆ ಬೇಕಾದ ಅರ್ಥವನ್ನು ಬಿಡಲಿಲ್ಲ.

ಇದಕ್ಕೆ ಕಾರಣವು ಉಪಮಾನದಲ್ಲಿಯೇ ಇದೆ. ಹಣದ ಪೇಟೆಯಲ್ಲಿ ಸಾಲವೆಂಬುದು ಒಂದು ಸಲಕರಣೆ. ದೊಡ್ಡ ಸಂಸ್ಥೆಯು ಸಾಲವಿಲ್ಲದೆ ನಡೆಯದು, ಸಾಲವಿರುವುದು ಅಪಮಾನವೂ ಅಲ್ಲ. ಕನ್ನಡದ ಮನೆಯಲ್ಲಿ ಸಾಲವೆಂದರೆ ಹೀಗಲ್ಲ. ಅದು ಬಾಗಿಲಿಗೆ ಬರುವ ಸಾಲಗಾರ, ಅಡವಿಟ್ಟ ಒಡವೆ, ತಂದೆ ತೀರಿಕೊಂಡ ಮೇಲೆ ಮಗನ ತಲೆಯ ಮೇಲೆ ಕುಳಿತ ಬಾಕಿ. ವಿಚಿತ್ರವೇನೆಂದರೆ ಈ ಎರಡನೆಯ ಚಿತ್ರವೇ ತಂತ್ರಾಂಶದ ನಿಜಸ್ಥಿತಿಗೆ ಹೆಚ್ಚು ಹತ್ತಿರವಾದುದು. ಅವಸರದಿಂದ ಲಾಭವನ್ನು ಪಡೆದವನು ಮೇಲಿನ ಹುದ್ದೆಗೋ ಬೇರೆ ಸಂಸ್ಥೆಗೋ ಹೋಗಿರುತ್ತಾನೆ. ಮೂರು ವರ್ಷಗಳ ತರುವಾಯ ಕೆಲಸಕ್ಕೆ ಸೇರಿದ ಹುಡುಗಿಯು ಯಾರೋ ಬರೆದುಹೋದ ಗೋಜಲನ್ನು ಬಿಡಿಸುತ್ತ ರಾತ್ರಿ ಕುಳಿತಿರುತ್ತಾಳೆ. ಸಾಲ ಮಾಡಿದವನೊಬ್ಬ, ತೀರಿಸುವವಳೊಬ್ಬಳು. ಆಂಗ್ಲಶಬ್ದದಲ್ಲಿ ಇವರಿಬ್ಬರ ಭೇದವು ಅಳಿಸಿಹೋಗಿ, ಸಂಸ್ಥೆಗೆ ಸಾಲವಿದೆಯೆಂಬ ಸಮಾಧಾನದ ವಾಕ್ಯವು ಉಳಿಯುತ್ತದೆ. ಕನ್ನಡದಲ್ಲಿ "ಸಾಲ" ಎಂದೊಡನೆ, ಮಾಡಿದವರು ಯಾರು ಎಂಬ ಪ್ರಶ್ನೆಯು ತಾನಾಗಿ ಏಳುತ್ತದೆ.

೭

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚು ಅಧಿಕಾರವನ್ನು ನಡೆಸುವ "ಡೆಡ್‌ಲೈನ್". ಅಮೆರಿಕಾದ ಅಂತರ್ಯುದ್ಧದ ಕಾಲದಲ್ಲಿ, ೧೮೬೪ರಲ್ಲಿ, ಜಾರ್ಜಿಯಾ ಪ್ರಾಂತದ ಆಂಡರ್ಸನ್‌ವಿಲ್ ಎಂಬಲ್ಲಿ ಯುದ್ಧಕೈದಿಗಳ ಸೆರೆಯೊಂದಿದ್ದಿತು. ಅದರ ಗೋಡೆಗೆ ಕೆಲವು ಅಡಿ ಒಳಗಾಗಿ ಒಂದು ಗೆರೆಯನ್ನು ಗೊತ್ತುಮಾಡಿದ್ದರು. ಅದನ್ನು ದಾಟಿದ ಕೈದಿಯನ್ನು ಕಾವಲಿನವರು ಗುಂಡಿಟ್ಟು ಕೊಲ್ಲುತ್ತಿದ್ದರು. ಆ ಗೆರೆಗೆ ಡೆಡ್‌ಲೈನ್ ಎಂದು ಹೆಸರು. ಯುದ್ಧವು ಮುಗಿದ ಮೇಲೆ ೧೮೬೫ರಲ್ಲಿ ಆ ಸೆರೆಯ ಅಧಿಕಾರಿಯ ವಿಚಾರಣೆಯು ನಡೆದಾಗ ಈ ಶಬ್ದವು ಲೋಕಕ್ಕೆಲ್ಲ ತಿಳಿಯಿತು. ಮುಂದೆ ೨೦ನೆಯ ಶತಮಾನದ ಆರಂಭದಲ್ಲಿ ಪತ್ರಿಕಾಲಯಗಳು ಅದನ್ನು ಕಾಲದ ಮಿತಿಗೆ ಬಳಸಿದುವು. ಅಲ್ಲಿಂದ ಎಲ್ಲ ಕಚೇರಿಗಳಿಗೂ ಹರಡಿತು.

ಇಂದು ಆ ಶಬ್ದವನ್ನಾಡುವ ಯಾರೂ ಸೆರೆಮನೆಯನ್ನು ನೆನೆಯುವುದಿಲ್ಲವೆಂದು ಆಕ್ಷೇಪಿಸಬಹುದು. ಸೆರೆಮನೆಯನ್ನು ನೆನೆಯದಿರಬಹುದು, ಗೆರೆಯನ್ನು ಎಳೆದವನು ಒಬ್ಬ, ದಾಟಿದರೆ ಸಾಯುವವನು ಇನ್ನೊಬ್ಬ ಎಂಬ ಸಂಬಂಧವು ಮಾತ್ರ ಹಾಗೆಯೇ ಉಳಿದಿದೆ. ಗೆರೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಅದು ಅಲ್ಲಿದೆ, ಅಷ್ಟೆ. ತಾರೀಖನ್ನು ಆರಿಸಿದವರು ಯಾರು, ಯಾವ ಲೆಕ್ಕದಿಂದ ಆರಿಸಿದರು, ಕೆಲಸ ಮಾಡುವವರನ್ನು ಕೇಳಿದ್ದರೆ ಎಂಬ ಪ್ರಶ್ನೆಗಳಿಗೆ ಆ ಶಬ್ದದಲ್ಲಿ ಎಡೆಯೇ ಇಲ್ಲ.

ಇದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಶಬ್ದಗಳು ಎರಡು: ಗಡುವು ಮತ್ತು ವಾಯಿದೆ. ಗಡುವನ್ನು ಸಾಮಾನ್ಯವಾಗಿ ಒಬ್ಬನು ಇನ್ನೊಬ್ಬನಿಗೆ ವಿಧಿಸುವನು. ಅರಬ್ಬಿಯಿಂದ ಹೊರಟು ಕಚೇರಿಗಳ ಮೂಲಕ ಕನ್ನಡಕ್ಕೆ ಬಂದ ವಾಯಿದೆಯ ಮೂಲಾರ್ಥವಾದರೋ ಮಾತು ಕೊಡುವುದೆಂದು. 'ಯುಗಾದಿಗೆ ಹಣ ಕೊಡುತ್ತೇನೆಂದು ವಾಯಿದೆ ಹೇಳಿದ್ದಾನೆ' ಎಂಬಲ್ಲಿ ತಾರೀಖನ್ನು ಹೇಳಿದವನೇ ತೀರಿಸಬೇಕಾದವನು. ಅದರಲ್ಲಿ ಇಬ್ಬರುಂಟು, ಅವರ ನಡುವೆ ಮಾತುಂಟು. ಅನ್ಯಾಯವೆನಿಸಿದರೆ ಇನ್ನೊಂದು ವಾಯಿದೆಯನ್ನು ಕೇಳುವ ಅವಕಾಶವೂ ಉಂಟು. ಈ ಶಬ್ದಕ್ಕೂ ದೋಷವಿಲ್ಲದಿಲ್ಲ. ವಾಯಿದೆಯ ಮೇಲೆ ವಾಯಿದೆ ಹಾಕುವವರ ಕಾಟವು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದವರಿಗೆಲ್ಲ ಗೊತ್ತು. ಆದರೂ ಮಾತಿಗೆ ತಪ್ಪುವವರನ್ನು ಮಾತಿನಿಂದಲೇ ಹಿಡಿಯಬಹುದು. ಗೆರೆಯೊಡನೆ ಮಾತನಾಡಲು ಬಾರದು.

೮

ಇಷ್ಟನ್ನು ಹೇಳಿದುದರಿಂದ ಆಂಗ್ಲಶಬ್ದಗಳನ್ನೆಲ್ಲ ಹೊರಗಟ್ಟಿ ಅಚ್ಚಗನ್ನಡದ ಕೋಶವನ್ನು ಕಟ್ಟಬೇಕೆಂಬುದು ತಾತ್ಪರ್ಯವಲ್ಲ. ಪರದೇಶದವರೊಡನೆ ಹಗಲಿರುಳು ವ್ಯವಹರಿಸುವ ಕಸುಬಿನಲ್ಲಿ ಅದು ಆಗದ ಮಾತು. ಶಬ್ದಕ್ಕೆ ಶಬ್ದವನ್ನಿಟ್ಟು ತರ್ಜುಮೆ ಮಾಡುವುದೂ ಸಾಲದು. ಸ್ಪ್ರಿಂಟ್ ಎಂಬುದಕ್ಕೆ ವೇಗದೋಟವೆಂದು ಹೆಸರಿಟ್ಟರೆ ಮೂಲದ ದೋಷವು ಕನ್ನಡದ ಉಡುಪನ್ನು ತೊಟ್ಟು ಬಂದಂತಾಗುತ್ತದೆಯೇ ಹೊರತು ಗುಣವೇನೂ ಹೆಚ್ಚುವುದಿಲ್ಲ.

ಒಳ್ಳೆಯ ದಾರಿಯನ್ನು ಕನ್ನಡವು ಒಂದೆರಡು ಕಡೆ ಆಗಲೇ ತೋರಿಸಿದೆ. ಯಂತ್ರದ ಗಟ್ಟಿಭಾಗಕ್ಕೆ ಹಾರ್ಡ್‌ವೇರ್, ಎಂದರೆ ಕಬ್ಬಿಣದ ಸಾಮಾನು, ಎಂಬ ಹೆಸರಿದ್ದುದರಿಂದ ಅದಕ್ಕೆ ಎದುರಾಗಿ ಸಾಫ್ಟ್‌ವೇರ್ ಎಂಬ ಶಬ್ದವು ಹುಟ್ಟಿತು. ಅದನ್ನು ಅಚ್ಚಿನಲ್ಲಿ ಬಳಸಿದ ಮೊದಲಿಗರಲ್ಲಿ ಜಾನ್ ಟ್ಯೂಕಿಯು ಹೆಸರಾದವನು, ೧೯೫೮ರಲ್ಲಿ. ಮೂಲದಲ್ಲಿ ಇದು ಗಟ್ಟಿ ಮೆದುಗಳ ಶಬ್ದಚಮತ್ಕಾರ ಮಾತ್ರ. ಕನ್ನಡದಲ್ಲಿ ಆ ಜೋಡಿಯು ಯಂತ್ರಾಂಶ ತಂತ್ರಾಂಶವೆಂದಾಯಿತು. ಗಟ್ಟಿ ಮೆದುಗಳನ್ನು ಬಿಟ್ಟು, ಯಂತ್ರ ತಂತ್ರಗಳೆಂಬ ಹಳೆಯ ಜೋಡಿಯನ್ನು ಹಿಡಿದುದರಿಂದ ಪ್ರಾಸವೂ ದೊರೆಯಿತು, ಅರ್ಥವೂ ಮೂಲಕ್ಕಿಂತ ನಿಚ್ಚಳವಾಯಿತು. ಇನ್ನು "ಪ್ಯಾಚ್" ಎಂಬುದಕ್ಕೆ "ತೇಪೆ" ಎಂಬ ಶಬ್ದವು ಹೇಳಿಮಾಡಿಸಿದಂತಿದೆ. ತೂತುಗಳಿಂದ ಆಜ್ಞೆಗಳನ್ನು ಗುರುತಿಸುತ್ತಿದ್ದ ಕಾಗದದ ಪಟ್ಟಿಗಳ ಕಾಲದಲ್ಲಿ, ತಪ್ಪಾದ ತೂತಿನ ಮೇಲೆ ನಿಜವಾಗಿಯೂ ಕಾಗದದ ತೇಪೆಯನ್ನು ಅಂಟಿಸುತ್ತಿದ್ದರು. ತೇಪೆ ಹಾಕಿದ ಬಟ್ಟೆಯು ಹೊಸತಲ್ಲವೆಂಬ ಎಚ್ಚರಿಕೆಯು ಕನ್ನಡದ ಶಬ್ದದಲ್ಲಿ ಇನ್ನೂ ಹಸಿಯಾಗಿದೆ.

"ಮೈಲಿಗಲ್ಲು" ಕನ್ನಡಕ್ಕೆ ಬಂದು ಬಹುಕಾಲವಾಯಿತು. ದೋಷವಿದ್ದರೆ ಬಳಸುವವರದು: ದಾರಿಹೋಕನು ಕಲ್ಲನ್ನು ಮುಟ್ಟದಿದ್ದಾಗ, ಕಲ್ಲನ್ನೇ ಕಿತ್ತು ಅವನಿದ್ದಲ್ಲಿ ನೆಡುವ ಪದ್ಧತಿಯು ಕಾಮಗಾರಿಗಳ ವರದಿಗಳಲ್ಲಿ ಕಾಣುವುದುಂಟು. ಒಲೆಯ ಹಿಂಬದಿಯಲ್ಲಿಡುವ ದೊಡ್ಡ ಕೊರಡಿನಿಂದ ಹುಟ್ಟಿದ "ಬ್ಯಾಕ್‌ಲಾಗ್" ಎಂಬುದು, ತುಂಬದೆ ಉಳಿದ ಮೀಸಲು ಹುದ್ದೆಗಳ ಹೆಸರಾಗಿ ಕರ್ನಾಟಕದ ಸರಕಾರದ ಪ್ರಕಟಣೆಗಳಲ್ಲಿಯೂ ಸೇರಿಹೋಗಿದೆ. ಅದನ್ನು ಬಾಕಿ ಎಂದರೆ ಯಾರಿಗೆ ಸಲ್ಲಬೇಕಾದುದು ಉಳಿದಿದೆಯೆಂಬುದು ಕೂಡಲೇ ತೋರುತ್ತಿತ್ತು. ಬ್ಯಾಕ್‌ಲಾಗ್ ಎಂಬುದರಲ್ಲಿ ಕಡತವಿದೆ, ಕಾಯುವವನಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದ ೧೯೪೬ರಲ್ಲಿ ಈ ಕಸುಬು ಕನ್ನಡ ನಾಡಿಗೆ ಬಂದಿರಲಿಲ್ಲ. ಪತಂಗವು ರಿಲೇಯಲ್ಲಿ ಸಿಕ್ಕಿಬೀಳುವುದಕ್ಕೇ ಇನ್ನೊಂದು ವರ್ಷವಿತ್ತು. ಇಂದು ನಿಘಂಟಿಗಿಂತ ಮೊದಲು ಬೇಕಾದುದು ವಿಚಾರ. ಪರಭಾಷೆಯ ಶಬ್ದವನ್ನು ತನ್ನ ಭಾಷೆಗೆ ತರಲು ಕುಳಿತವನಿಗೆ, ಅದನ್ನು ದಿನವೂ ಆಡುವವನು ಮರೆತಿರುವ ಚಿತ್ರವು ಮತ್ತೆ ಕಾಣಿಸುತ್ತದೆ. ತರ್ಜುಮೆಯ ದೊಡ್ಡ ಲಾಭವೇ ಇದು. ಶಬ್ದವನ್ನು ಕನ್ನಡಕ್ಕೆ ತಂದರೂ ಸರಿ, ತಾರದೆ ಬಿಟ್ಟರೂ ಸರಿ, ಆ ಚಿತ್ರವನ್ನು ಒಮ್ಮೆ ಕಂಡವನು ಅದಕ್ಕೆ ಹಿಂದಿನಂತೆ ಕಣ್ಣುಮುಚ್ಚಿ ನಡೆದುಕೊಳ್ಳಲಾರನು.

ಹಬ್ಬಕ್ಕೆ ಬರಲಾಗದೆಂದು ಮಗಳು ಹೇಳಿದಾಗ ತಾಯಿಯು ಆ ಆಂಗ್ಲಶಬ್ದಗಳ ಅರ್ಥವನ್ನು ಕೇಳಬೇಕಾದುದಿಲ್ಲ. "ಯಾರು ಯಾರಿಗೆ ಕೊಟ್ಟ ವಾಯಿದೆ, ಮಗು?" ಎಂದು ಕೇಳಿದರೆ ಸಾಕು. ತಾನೇ ಕೊಟ್ಟುದಾದರೆ ಮಗಳು ಕುಳಿತು ಮುಗಿಸುವುದು ಧರ್ಮ. ತನ್ನನ್ನು ಕೇಳದೆ ಇನ್ನೊಬ್ಬರು ಕೊಟ್ಟುದಾದರೆ, ಅದನ್ನು ಅವರ ಮುಂದೆ ಹೇಳುವುದೂ ಧರ್ಮವೇ. ಆ ಪ್ರಶ್ನೆಯನ್ನು ಕೇಳುವುದಕ್ಕೆ ಬೇಕಾದ ಶಬ್ದವು ಕನ್ನಡದಲ್ಲಿದೆ.